ಹಾರ್ಡ್ ಡಿಸ್ಕ್ ಬದಲಿಸಿದ ಮ್ಯಾಲ ರೊಕ್ಕ ಕೊಟ್ಟ ಸಾಫ್ಟ್‌ವೇರ್ ತೆರೀವಲ್ದು, ಹಳೇ ಫೈಲ್ ಹೆಂಗ ಉಳಿಸ್ಕೊಳ್ಳೂದು?

ಗದಗ_ಡಿಟಿಪಿ

ಎಲ್ಲಾರಿಗೂ ನಮಸ್ಕಾರ್ರಿ. ಗದಗ-ಬೆಟಗೇರಿಯೊಳಗ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಐತಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರಿ ಪಾಂಪ್ಲೆಟ್, ಆಗಾಗ ಸ್ಮರಣ ಸಂಚಿಕೆ, ಹಿಂತಾ ಕೆಲಸ. ಮೇನ್ ಕಂಪ್ಯೂಟರಿನ 1 ಟಿಬಿ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನಾಕ ಹತ್ತಿತ್ತು. ರಿಪೇರಿ ಅಂಗಡಿಯವ್ರು ಅದನ್ನ ತಗದು 500 ಜಿಬಿ ಎಸ್‌ಎಸ್‌ಡಿ ಹಾಕಿ, ವಿಂಡೋಸ್ 10 ಹೊಸದಾಗಿ ಹಾಕಿ ಕೊಟ್ಟಾರ. ವಿಂಡೋಸ್ ಏನೂ ಕೇಳಲಿಲ್ಲ, ತಾನಾ ಆಕ್ಟಿವೇಟ್ ಆತು. ಪುಟ ಜೋಡಿಸೂ ಸಾಫ್ಟ್‌ವೇರ್ ಪೇಜ್‌ಮೇಕರ್ 7, ಸಿಡಿ ಮ್ಯಾಲಿನ ಸೀರಿಯಲ್ ನಂಬರ್ ಹಾಕಿದ ಕೂಡ್ಲೇ ಕೂತ್ತು.

ತ್ರಾಸ ಇರೂದು ಕನ್ನಡ ಫಾಂಟ್ ಪ್ಯಾಕೇಜಿಂದು. ಕಂಪನಿ ಹೆಸರು ಇಲ್ಲಿ ಬರಿಯಾಂಗಿಲ್ಲ. 2013ರಾಗ ಬಿಲ್ ಸಮೇತ ತಗೊಂಡಿದ್ದು, ಒಂದು ಮಷೀನಿಗೆ ಒಂದು ಲೈಸೆನ್ಸ್. ಇನ್‌ಸ್ಟಾಲ್ ಮಾಡಿದ್ರ ಒಂದು ಸೈಟ್ ಕೋಡ್ ತೋರಸ್ತೈತಿ, ಅದನ್ನ ಕಂಪನಿಗೆ ಕಳಿಸಿದ್ರ ಅವ್ರು ಅನ್‌ಲಾಕ್ ಕೋಡ್ ಕೊಡಬೇಕು. ಹಳೇ ಕೋಡ್ ಹಾಕಿದ್ರ ತಗೋವಲ್ದು. ಯಾಕಂದ್ರ ಸೈಟ್ ಕೋಡೇ ಬದಲಾಗೈತಿ. ಫೋನ್ ಮಾಡಿದ್ರ, "ಆ ವರ್ಷನ್ ನಿಂತು ಭಾಳ ದಿನ ಆತು, ಹೊಸಾದು ತಗೋರಿ" ಅಂತಾರ. ಮಾರಿದ ಡೀಲರ್ ಅಂಗಡಿ ಮುಚ್ಯಾರ.

ಹೊಸಾದು ತಗೊಳ್ಳಾಕ ರೊಕ್ಕದ ಮಾತಷ್ಟ ಅಲ್ರಿ. ಹೊಸಾದರಾಗ ಫಾಂಟಿನ ಒಳಗಿನ ಕೋಡಿಂಗ್ ಬ್ಯಾರೆ ಅಂತ. ಹಳೇ ಫೈಲ್ ತೆರದ್ರ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂಡ್ತಾವ. ಈ ಪ್ಯಾಕೇಜ್ ಓಡುವಾಗ ಮಾತ್ರ ಅದರ ಫಾಂಟು ಪೇಜ್‌ಮೇಕರಿಗೆ ಕಾಣಸ್ತಾವು, ಬಂದ್ ಮಾಡಿದ್ರ ಇಲ್ಲ. ಒಂದು ಮಠದ ಸಂಚಿಕೆ, ಇಬ್ಬರು ಲೇಖಕರ ಪುಸ್ತಕ, ಊರಿನ ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲಾ ಅದರಾಗ ಸಿಕ್ಕೊಂಡಾವ. ನಾ ಏನ್ ಕಳವು ಮಾಡೀನಿ ಹೇಳ್ರಿ? ಕಂಪ್ಯೂಟರ್ ಅದಾ, ಕೂಡೂ ಮನಷ್ಯಾ ನಾನಾ, ಕೆಟ್ಟಿದ್ದು ಒಂದು ಡಿಸ್ಕ್.

ಬೆಟ್ಟದ_ತಪ್ಪಲು

ಸರ್, ಮೊದಲು ಇದೊಂದು ಹೇಳಿ. ಹಳೇ ಡಿಸ್ಕ್ ನಿಮ್ಮ ಕೈಯಲ್ಲಿದೆಯಾ? ರಿಪೇರಿ ಅಂಗಡೀಲೇ ಬಿಟ್ಟಿದ್ರೆ ಈಗಲೇ ಹೋಗಿ ತಗೊಂಡು ಬನ್ನಿ. ಅದನ್ನ ಫಾರ್ಮ್ಯಾಟ್ ಮಾಡಬೇಡಿ, ಬೇರೆ ಯಾರಿಗೂ ಮಾಡೋಕೆ ಬಿಡಬೇಡಿ. ಟಕ್ ಟಕ್ ಅನ್ನೋ ಡಿಸ್ಕನ್ನ ಸುಮ್ಮನೆ ಪದೇ ಪದೇ ಆನ್ ಮಾಡಿ ನೋಡಬೇಡಿ. ಚೆಕ್ ಡಿಸ್ಕ್ ಅಂತೂ ಓಡಿಸಲೇಬೇಡಿ, ಅದು ಸಾಯ್ತಿರೋ ಡಿಸ್ಕಿನ ಮೇಲೆ ಬರೆಯೋಕೆ ಹೋಗುತ್ತೆ.

ಎರಡನೇದು, ಕಮಾಂಡ್ ಪ್ರಾಂಪ್ಟ್ ತೆಗೆದು ವಿ, ಓ, ಎಲ್, ಒಂದು ಸ್ಪೇಸ್, ಸಿ, ಕೋಲನ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ವಾಲ್ಯೂಮ್ ಸೀರಿಯಲ್ ನಂಬರ್ ಅಂತ ಮಧ್ಯೆ ಗೆರೆ ಇರೋ ಎಂಟು ಅಕ್ಷರ ಬರುತ್ತೆ. ಬರೆದಿಟ್ಕೊಳ್ಳಿ. ಅದನ್ನ ಇಲ್ಲಿ ಹಾಕೋದು ಬೇಡ.

ಯಾಕೆ ಕೇಳಿದೆ ಅಂದ್ರೆ, ಲೈಸೆನ್ಸ್ ಮಷೀನಿಗೆ ಅಂಟಿದೆ ಅಂತೀವಲ್ಲ, ಅದು ಮಷೀನಿನ ಯಾವ ಭಾಗಕ್ಕೆ ಅಂತ ಗೊತ್ತಾಗಬೇಕು. ಮುಖ್ಯವಾಗಿ ನಾಲ್ಕು ಜಾಗ ಇವೆ. ಮದರ್‌ಬೋರ್ಡಿನ ನಂಬರ್, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ, ಡಿಸ್ಕ್ ತಯಾರಕರು ಕಾರ್ಖಾನೆಯಲ್ಲೇ ಕೊಟ್ಟಿರೋ ಸೀರಿಯಲ್ ನಂಬರ್, ಮತ್ತೆ ಈ ವಾಲ್ಯೂಮ್ ಸೀರಿಯಲ್. ಕೊನೇದು ಡಿಸ್ಕಿನ ನಂಬರ್ ಅಲ್ಲ. ಪಾರ್ಟಿಷನ್ ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ತಾನೇ ಹುಟ್ಟಿಸಿ ಬೂಟ್ ಸೆಕ್ಟರಲ್ಲಿ, ಅಂದ್ರೆ ಪಾರ್ಟಿಷನ್ನಿನ ಮೊದಲ ತುಣುಕಲ್ಲಿ, ಬರೆಯೋ ನಂಬರ್. ನಿಮ್ಮ ಮದರ್‌ಬೋರ್ಡ್, ನೆಟ್‌ವರ್ಕ್ ಕಾರ್ಡ್ ಎರಡೂ ಹಳೇವೇ. ಆದ್ರೂ ಸೈಟ್ ಕೋಡ್ ಬದಲಾಗಿದೆ. ಅಂದ್ರೆ ಕೊನೆಯ ಎರಡರಲ್ಲಿ ಒಂದು. ವಾಲ್ಯೂಮ್ ಸೀರಿಯಲ್ ಆಗಿದ್ರೆ ನಿಮ್ಮ ದಾರಿ ತುಂಬ ಸಲೀಸು.

ಹೊಸಪೇಟೆ_ಹುಡುಗ

ಅಣ್ಣಾ ಇಷ್ಟೆಲ್ಲಾ ಯಾಕೆ, ಆ ಪ್ಯಾಕೇಜಿನ ಬೀಗ ಮುರಿಯೋ ಪ್ಯಾಚ್ ಟೆಲಿಗ್ರಾಮಲ್ಲಿ ಸಿಗುತ್ತೆ. ಆಂಟಿವೈರಸ್ ಆಫ್ ಮಾಡಿ ಹಾಕಿದ್ರೆ ಐದು ನಿಮಿಷದ ಕೆಲಸ. ದುಡ್ಡು ಕೊಟ್ಟಿದ್ದೀರಲ್ಲ, ಪಾಪ ಏನೂ ಇಲ್ಲ.

ಲ್ಯಾಬ್_ಮೇಷ್ಟ್ರು

ತಮ್ಮಾ, ನಿನ್ನ ಕಾಳಜಿ ಅರ್ಥವಾಗುತ್ತೆ. ಆದರೆ "ಆಂಟಿವೈರಸ್ ಆಫ್ ಮಾಡಿ" ಅನ್ನೋ ಆ ಒಂದು ಸಾಲಿಗಾಗಿಯೇ ಬೇಡ ಅಂತೀನಿ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ, ಸ್ಟಾಪ್ ಅಥವಾ ಡಿಜೆವಿಯು ಅಂತ ಕರೆಯೋ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಮನೆ ಬಳಕೆದಾರರಿಗೆ, ಸಣ್ಣ ಅಂಗಡಿಗಳಿಗೆ ಹರಡಿದ್ದೇ ಹೀಗೆ ಲೈಸೆನ್ಸ್ ಬೀಗ ಮುರಿಯೋ ಕ್ರ್ಯಾಕ್, ಕಳ್ಳ ಕೀ ಹುಟ್ಟಿಸೋ ಕೀಜೆನ್ ಫೈಲುಗಳ ಒಳಗೆ ಕೂತು. ಇವರ ಹತ್ತಿರ ಇರೋ ಆಸ್ತಿಯೇ ಹಳೇ ಫೈಲು. ಅವನ್ನ ಉಳಿಸಿಕೊಳ್ಳೋಕೆ ಹೋಗಿ ಅವಕ್ಕೇ ಬೀಗ ಬಿದ್ದರೆ? ಶಿವಮೊಗ್ಗದ ಕಡೆ ಒಂದು ಝೆರಾಕ್ಸ್ ಅಂಗಡೀಲಿ ಇದನ್ನ ಕಣ್ಣಾರೆ ಕಂಡಿದ್ದೇನೆ. ಪ್ರತಿ ಫೈಲಿನ ಹೆಸರಿನ ಬಾಲಕ್ಕೂ ಗೊತ್ತಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿತ್ತು, ಪ್ರತಿ ಫೋಲ್ಡರಿನಲ್ಲೂ ಡಾಲರ್ ಕೇಳೋ ಒಂದು ಟೆಕ್ಸ್ಟ್ ಫೈಲ್. ಆ ಅಂಗಡಿ ಹೆಣ್ಣುಮಗಳು ಮಾತಾಡದೆ ಕೂತಿದ್ದು ಇನ್ನೂ ನೆನಪಿದೆ.

ಗದಗದವರೇ, ವಿಂಡೋಸ್ ತಾನಾಗಿ ಆಕ್ಟಿವೇಟ್ ಆಯ್ತು ಅಂದ್ರಲ್ಲ, ಅದಕ್ಕೂ ಕಾರಣ ಇದೆ, ಬೇರೆಯವರಿಗೂ ಉಪಯೋಗಕ್ಕೆ ಬರಲಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಮನೆ ಬಳಕೆಯ ವಿಂಡೋಸಿಗೂ ಆಕ್ಟಿವೇಷನ್ ಕಡ್ಡಾಯ ಆಯ್ತು. ಆಗ ಅದು ಕಂಪ್ಯೂಟರಿನ ಹತ್ತು ಅಂಶ ನೋಡ್ತಿತ್ತು, ಹಾರ್ಡ್ ಡಿಸ್ಕ್, ವಾಲ್ಯೂಮ್ ಸೀರಿಯಲ್ ಎರಡೂ ಅದರಲ್ಲಿದ್ದವು. ಆದರೆ ಒಂದೆರಡು ಬದಲಾದರೆ ಸಹಿಸಿಕೊಳ್ತಿತ್ತು, ಹೆಚ್ಚು ಬದಲಾದರೆ ಮಾತ್ರ ಮತ್ತೆ ಕೇಳ್ತಿತ್ತು. ವಿಂಡೋಸ್ 10ರಲ್ಲಿ ಬಂದ ಡಿಜಿಟಲ್ ಲೈಸೆನ್ಸ್ ಹೆಚ್ಚಾಗಿ ಮದರ್‌ಬೋರ್ಡಿಗೆ ಮಹತ್ವ ಕೊಡುತ್ತೆ, ಡಿಸ್ಕ್ ಬದಲಾದರೆ ತಕರಾರಿಲ್ಲ. ವಿಂಡೋಸ್ 8ರ ಕಾಲದಿಂದ ಬ್ರ್ಯಾಂಡೆಡ್ ಲ್ಯಾಪ್‌ಟಾಪುಗಳಲ್ಲಿ ಕೀ ಬಯೋಸ್ ಚಿಪ್ಪಿನ ಒಳಗೇ ಇರುತ್ತೆ, ಅದಕ್ಕೇ ಈಗ ಕೆಳಗಡೆ ಕೀ ಇರೋ ಸ್ಟಿಕ್ಕರ್ ಕಾಣಲ್ಲ. ಮದರ್‌ಬೋರ್ಡ್ ಬದಲಿಸೋ ಮುಂಚೆ ಮಾತ್ರ ಲೈಸೆನ್ಸನ್ನ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ ಇಟ್ಕೊಳ್ಳಿ. ಆಮೇಲೆ ಆಕ್ಟಿವೇಷನ್ ಟ್ರಬಲ್‌ಶೂಟರಲ್ಲಿ "ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ" ಅನ್ನೋ ಆಯ್ಕೆ ಒತ್ತಬಹುದು. ಕಂಪ್ಯೂಟರ್ ಜೊತೆಗೇ ಬಂದ ಓಇಎಂ ಲೈಸೆನ್ಸಿಗೆ ಇದು ನಡೆಯಲ್ಲ, ಅದು ಆ ಬೋರ್ಡಿನ ಜೊತೆಗೇ ಮುಗೀತು.

ಅಂದ್ರೆ ಒಂದು ಡಿಸ್ಕ್ ಬದಲಾದರೆ ಗಿರಾಕಿಯನ್ನ ಹೊರಗೆ ನಿಲ್ಲಿಸದ ಹಾಗೆ ಬೀಗ ಮಾಡೋದು 2001ರಲ್ಲೇ ಸಾಧ್ಯ ಇತ್ತು. ನಿಮ್ಮ ಫಾಂಟ್ ಕಂಪನಿ ಮಾಡಿಲ್ಲ, ಅಷ್ಟೇ.

ಖಾತೆಕಿರ್ದಿ_ಉಡುಪಿ

ಇದೇ ಪಾಡು ಲೆಕ್ಕದ ಸಾಫ್ಟ್‌ವೇರಿನಲ್ಲಿ ನಮ್ಮ ಗಿರಾಕಿಗಳಿಗೆ ಆಗಾಗ ಬರ್ತದೆ ಮಾರಾಯ್ರೆ. ಟ್ಯಾಲಿ ಇರುವವರು ಕೇಳಿ. ಕಂಪ್ಯೂಟರ್ ಅಥವಾ ಡಿಸ್ಕ್ ಬದಲಿಸುವ ಮುಂಚೆ ಲೈಸೆನ್ಸ್ ಸರೆಂಡರ್ ಮಾಡ್ಬೇಕು, ಹೊಸದರಲ್ಲಿ ಅದೇ ಸೀರಿಯಲ್ ನಂಬರಿನಿಂದ ಆಕ್ಟಿವೇಟ್ ಮಾಡ್ಬೇಕು. ಡಿಸ್ಕ್ ಹೇಳದೆ ಕೇಳದೆ ಸತ್ತುಹೋದ್ರೆ ಸರೆಂಡರ್ ಮಾಡ್ಲಿಕ್ಕೆ ಆಗುದಿಲ್ಲ, ಆಗ ರಿಸೆಟ್ ಅಂತ ಉಂಟು. ಆದರೆ ಅದಕ್ಕೆ ಲೈಸೆನ್ಸ್ ತೆಗೆದುಕೊಳ್ಳುವಾಗ ಕೊಟ್ಟ ಇ-ಮೇಲ್ ನಿಮ್ಮ ಕೈಯಲ್ಲಿ ಇರ್ಬೇಕು. ತುಂಬ ಅಂಗಡಿಗಳಲ್ಲಿ ಅದು ಯಾವತ್ತೋ ಕೆಲಸ ಬಿಟ್ಟುಹೋದ ಹುಡುಗನ ಇ-ಮೇಲ್! ಅಥವಾ ಮಾರಿದ ಏಜೆಂಟನದ್ದು. ಮೊದಲು ಅದನ್ನು ಸರಿಮಾಡಿಸಿ.

ಇನ್ನೊಂದು, ಲೈಸೆನ್ಸ್ ಬೇರೆ, ಡೇಟಾ ಬೇರೆ. ಡೇಟಾ ಫೋಲ್ಡರ್ ಪೆನ್‌ಡ್ರೈವಿನಲ್ಲಿ ಇದ್ರೆ, ಲೈಸೆನ್ಸ್ ಬರುವ ತನಕ ಎಜುಕೇಷನಲ್ ಮೋಡಿನಲ್ಲಿ ಅದನ್ನು ತೆರೆದು ಲೆಡ್ಜರ್ ನೋಡ್ಬಹುದು. ಹೊಸ ವೋಚರ್ ಮಾತ್ರ ತಿಂಗಳ ಬೇಕಾದ ತಾರೀಕಿಗೆ ಹಾಕ್ಲಿಕ್ಕೆ ಬಿಡುದಿಲ್ಲ, 1, 2 ಮತ್ತು ಕೊನೆಯ ದಿನ ಮಾತ್ರ. ಜಿಎಸ್‌ಟಿ ರಿಟರ್ನ್ ಹೊತ್ತಿಗೆ ಲೆಕ್ಕ ನೋಡ್ಲಿಕ್ಕೆ ಸಿಕ್ಕಿದ್ರೂ ಅರ್ಧ ಜೀವ ಬರ್ತದೆ. ನಿಮ್ಮ ಫಾಂಟಿನ ಕಥೆಯಲ್ಲಿ ಕಷ್ಟ ಅಂದ್ರೆ ಡೇಟಾ ನಿಮ್ಮ ಕೈಯಲ್ಲೇ ಇದ್ದರೂ ಓದ್ಲಿಕ್ಕೆ ಅವರ ಬೀಗ ತೆರಿಬೇಕು. ಅದು ಭಾರೀ ಅನ್ಯಾಯ.

ಗದಗ_ಡಿಟಿಪಿ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಡಿಸ್ಕ್ ತಂದೀನಿ. ಅಂಗಡಿಯವ್ರು ಗುಜರಿ ಡಬ್ಬಿಯೊಳಗ ಇಟ್ಟಿದ್ರು. ಹೊಸ ಎಸ್‌ಎಸ್‌ಡಿ ವಾಲ್ಯೂಮ್ ನಂಬರ್ ಬರಕೊಂಡೀನಿ. ಹಳೇದರ ನಂಬರ್ ನೋಡಬೇಕಂದ್ರ ಹಚ್ಚಬೇಕಲ್ಲ, ಹಚ್ಚಲ್ಯಾ ಬ್ಯಾಡೋ?

ಹೊಸಪೇಟೆ ತಮ್ಮಾ, ನೀ ಹೇಳಿದ್ದು ಪ್ರೀತಿಲೇ ಅಂತ ಗೊತ್ತೈತಿ. ಆದ್ರ ಈ ಮಷೀನಿನ್ಯಾಗ ಮಂದಿ ಪುಸ್ತಕ ಅದಾವ, ನನ್ನವಲ್ಲ. ನಾ ಧೈರ್ಯ ಮಾಡಾಂಗಿಲ್ಲ.

ಬೆಟ್ಟದ_ತಪ್ಪಲು

ಹಚ್ಚಿ, ಆದರೆ ವಿಂಡೋಸಿಗೆ ಬೇಡ. ವಿಂಡೋಸ್ ಕಂಡ ಡಿಸ್ಕಿಗೆಲ್ಲ ಏನಾದ್ರೂ ಬರೆಯೋಕೆ ಹೋಗುತ್ತೆ. ಪೆನ್‌ಡ್ರೈವಿಂದ ಲಿನಕ್ಸ್ ಬೂಟ್ ಮಾಡಿ, ಮೌಂಟ್ ಮಾಡದೆಯೇ ಡಿಡಿರೆಸ್ಕ್ಯೂ ಅನ್ನೋ ಉಚಿತ ಸಾಧನದಿಂದ ಇಡೀ ಡಿಸ್ಕಿನ ಇಮೇಜ್, ಅಂದ್ರೆ ಯಥಾವತ್ ನಕಲಿನ ಫೈಲ್, ತೆಗೀರಿ. 2 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಬೇಕಾಗುತ್ತೆ. ಅದು ಮಾಮೂಲಿ ಕಾಪಿ ಥರ ಅಲ್ಲ. ಮೊದಲು ಸಲೀಸಾಗಿ ಓದೋಕೆ ಬರೋ ಜಾಗ ಎಲ್ಲ ಓದಿ ಮುಗಿಸುತ್ತೆ, ಕೆಟ್ಟ ಜಾಗ ಪಕ್ಕಕ್ಕಿಟ್ಟು ಕೊನೆಗೆ ಅಲ್ಲಿಗೆ ಮರಳುತ್ತೆ. ಎಲ್ಲಿವರೆಗೆ ಬಂದಿದೆ ಅನ್ನೋದನ್ನ ಮ್ಯಾಪ್ ಫೈಲಲ್ಲಿ ಬರೆದಿಡುತ್ತೆ. ಹಾಗಾಗಿ ಮಧ್ಯೆ ಕರೆಂಟ್ ಹೋದ್ರೂ ನಿಂತ ಕಡೆಯಿಂದ ಮುಂದುವರಿಯುತ್ತೆ. ಆ ಮ್ಯಾಪ್ ಫೈಲಿಗೆ ಹೆಸರು ಕೊಡೋದನ್ನ ಮರೀಬೇಡಿ, ಇಲ್ಲದಿದ್ರೆ ಮತ್ತೆ ಮೊದಲಿಂದ. ಮೂಲ ಡಿಸ್ಕ್ ಯಾವುದು, ಬರೆಯೋ ಡಿಸ್ಕ್ ಯಾವುದು ಅನ್ನೋದನ್ನ ಎರಡೆರಡು ಸಲ ನೋಡಿ. ಅದಲು ಬದಲಾದ್ರೆ ಎಲ್ಲಾ ಮುಗೀತು.

ಇಮೇಜ್ ಬಂದ ಮೇಲೆ ಅದನ್ನ ಗಟ್ಟಿ ಇರೋ ಇನ್ನೊಂದು 1 ಟಿಬಿ ಡಿಸ್ಕಿಗೆ ಇಳಿಸಿ, ಅದರಲ್ಲಿ ಸಿ ಪಾರ್ಟಿಷನ್ನನ್ನ 400 ಜಿಬಿ ಒಳಗೆ ಕುಗ್ಗಿಸಿ. ಕೆಟ್ಟ ಡಿಸ್ಕಲ್ಲೇ ಕುಗ್ಗಿಸಬೇಡಿ, ಅದು ಬರೆಯೋ ಕೆಲಸ. ಆಮೇಲೆ ಡಿಸ್ಕ್ ನಕಲು ಮಾಡೋ ಕ್ಲೋನ್‌ಜಿಲ್ಲಾ ಅನ್ನೋ ಸಾಧನದಲ್ಲಿ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ. ಗುರಿ ಡಿಸ್ಕ್ ಚಿಕ್ಕದಾಗಿದ್ರೆ ಕ್ಲೋನ್‌ಜಿಲ್ಲಾ ಒಪ್ಪಲ್ಲ. ಎಕ್ಸ್‌ಪರ್ಟ್ ಮೋಡಲ್ಲಿ ಡಿಸ್ಕಿನ ಅಳತೆ ಪರೀಕ್ಷೆ ಬಿಡು ಅನ್ನೋ ಆಯ್ಕೆ ಇದೆ, ಅದನ್ನ ಗುರುತು ಮಾಡಿ.

ಇದರಿಂದ ಏನು ಲಾಭ? ವಾಲ್ಯೂಮ್ ಸೀರಿಯಲ್ ಪಾರ್ಟಿಷನ್ನಿನ ಬೂಟ್ ಸೆಕ್ಟರಲ್ಲೇ ಇರೋದ್ರಿಂದ ಕ್ಲೋನ್ ಜೊತೆ ಅದೂ ಬರುತ್ತೆ. ಕಾರ್ಖಾನೆ ನಂಬರ್ ಮಾತ್ರ ಬರಲ್ಲ. ನಿಮ್ಮ ಪ್ಯಾಕೇಜ್ ಯಾವುದನ್ನ ನೋಡ್ತಿದೆ ಅಂತ ಅಲ್ಲಿಗೆ ಗೊತ್ತಾಗುತ್ತೆ.

ಪುಣೆ_ಕನ್ನಡತಿ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಪುಣೆಯಲ್ಲಿ ಅನುವಾದ, ಪುಟವಿನ್ಯಾಸ ಮಾಡ್ತೀನಿ. ನನ್ನ ಕನ್ನಡ-ಮರಾಠಿ ಫಾಂಟ್ ಪ್ಯಾಕೇಜಿಗೆ ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಚುಚ್ಚೋ ಲೈಸೆನ್ಸ್ ಕೀಲಿ) ಇದೆ. ನಾನೂ ಎಸ್‌ಎಸ್‌ಡಿ ಹಾಕಿಸಬೇಕು ಅಂತಿದ್ದೆ, ಇದನ್ನ ಓದಿ ಹೆದರಿಕೆ ಆಯ್ತು. ಡಾಂಗಲ್ ಇದ್ರೆ ಈ ಗೋಳು ಇಲ್ವಾ?

ಬೆಟ್ಟದ_ತಪ್ಪಲು

ಡಿಸ್ಕಿನ ಮಟ್ಟಿಗೆ ಇಲ್ಲ ಮೇಡಂ. ಲೈಸೆನ್ಸ್ ಡಾಂಗಲ್ ಒಳಗಿನ ಚಿಪ್ಪಲ್ಲಿದೆ, ಡಿಸ್ಕ್ ಯಾವುದಾದ್ರೂ ಆಗಬಹುದು. ಬೇರೆ ತೊಂದರೆ ಬರಬಹುದು. ಹಳೇ ಡಾಂಗಲ್ ಡ್ರೈವರನ್ನ ಹೊಸ ವಿಂಡೋಸ್ ಒಪ್ಪದೆ ಇರಬಹುದು, ಮೆಮೊರಿ ಇಂಟೆಗ್ರಿಟಿ ಅನ್ನೋ ವಿಂಡೋಸಿನ ರಕ್ಷಣೆ ಆನ್ ಇದ್ರೆ ಹಳೇ ಡ್ರೈವರನ್ನ ತಡೆಯುತ್ತೆ. ಸಿಡಿಯಲ್ಲಿರೋ ಡ್ರೈವರ್ ಬಿಟ್ಟು ಡಾಂಗಲ್ ತಯಾರಕರ ಸೈಟಿಂದ ಹೊಸ ಡ್ರೈವರ್ ಇಳಿಸಿ. 32 ಬಿಟ್ ವಿಂಡೋಸಿಂದ 64 ಬಿಟ್ಟಿಗೆ ಹೋಗ್ತಿದ್ರೆ, ತೊಂಬತ್ತರ ದಶಕದ 16 ಬಿಟ್ ಸೆಟಪ್ ಓಡಲ್ಲ ಅನ್ನೋದೂ ನೆನಪಿರಲಿ. ಹಳೇ ಡಿಸ್ಕ್ ತೆಗೆಯೋ ಮುಂಚೆಯೇ ಬೇರೆ ಕಂಪ್ಯೂಟರಿಗೆ ಡಾಂಗಲ್ ಚುಚ್ಚಿ ಪರೀಕ್ಷೆ ಮಾಡಿ. ಮತ್ತೆ ಡಾಂಗಲ್ ಜೋಪಾನ, ಕಳೆದ್ರೆ ಲೈಸೆನ್ಸೇ ಕಳೆದಂಗೆ.

ಕ್ಲೋನ್ ಮಾಡಿದ್ರೂ ಕೈ ಕೊಡೋ ಲೈಸೆನ್ಸ್‌ಗಳೂ ಇವೆ, ಅದನ್ನೂ ಹೇಳ್ತೀನಿ. ಫ್ಲೆಕ್ಸ್‌ನೆಟ್ ಅನ್ನೋ ಲೈಸೆನ್ಸ್ ವ್ಯವಸ್ಥೆ ತನ್ನ ಗುರುತನ್ನ ಫೈಲಲ್ಲಿ ಮಾತ್ರ ಅಲ್ಲ, ಡಿಸ್ಕಿನ ಆರಂಭದಲ್ಲಿ, ಎಂಬಿಆರ್ ಅನ್ನೋ ಮೊಟ್ಟಮೊದಲ ಸೆಕ್ಟರ್ ಆದಮೇಲೆ ಮೊದಲ ಪಾರ್ಟಿಷನ್ನಿಗೆ ಮುಂಚೆ ಇರೋ ಖಾಲಿ ಸೆಕ್ಟರುಗಳಲ್ಲೂ ಬರೀತಿತ್ತು. ಬರೀ ಪಾರ್ಟಿಷನ್ ನಕಲು ಮಾಡಿದ್ರೆ ಆ ಭಾಗ ಬರಲ್ಲ. ಲಿನಕ್ಸಿನ ಗ್ರಬ್ ಬೂಟ್‌ಲೋಡರ್ ಕೂರೋದೂ ಅದೇ ಜಾಗದಲ್ಲಿ, ಹಾಗಾಗಿ ಎರಡೂ ಇದ್ದ ಮಷೀನುಗಳಲ್ಲಿ ಗ್ರಬ್ ಕೆಟ್ಟು ಕಂಪ್ಯೂಟರ್ ಬೂಟೇ ಆಗ್ತಿರಲಿಲ್ಲ. ಅಡೋಬಿಯ ಸಿಎಸ್3, ಸಿಎಸ್4 ಸಾಫ್ಟ್‌ವೇರ್ ಬಳಸಿದವರಿಗೆ ಡಿಸ್ಕ್ ಬದಲಿಸಿದಾಗ ಬರೋ 150:30 ದೋಷಸಂಖ್ಯೆ ನೆನಪಿರಬಹುದು, ಅದೂ ಲೈಸೆನ್ಸ್ ಗುರುತು ಕೆಟ್ಟಾಗ ಬರೋದೇ.

ವಕೀಲಿ_ಧಾರವಾಡ

ಕಾನೂನಿನ ಮಾತು ಯಾರೂ ಎತ್ತಿಲ್ಲ, ಅದಕ್ಕ ಬರೀತೇನೆ. ಗದಗದವರ ಪರವಾಗಿ ಇರೂ ಮಾತು ಮೊದಲು. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಓದ್ರಿ. ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನ ನ್ಯಾಯಬದ್ಧವಾಗಿ ಹೊಂದಿದವ್ರು, ಅದನ್ನ ಕೊಟ್ಟ ಉದ್ದೇಶಕ್ಕ ಬಳಸಲಿಕ್ಕೆ ಬೇಕಾಗುವ ಪ್ರತಿ ಮಾಡ್ಕೋಬಹುದು. ಕಳಕೊಳ್ಳೂದು, ನಾಶ, ಹಾನಿಯಿಂದ ತಾತ್ಕಾಲಿಕ ರಕ್ಷಣೆಗಂತ ಬ್ಯಾಕಪ್ ಪ್ರತಿನೂ ಮಾಡ್ಕೋಬಹುದು. ಅದು ಉಲ್ಲಂಘನೆ ಅಲ್ಲ. ಸಾಯ್ತಿರೂ ಡಿಸ್ಕಿನಿಂದ ನಿಮ್ಮದ ಮಷೀನಿನ ಹೊಸ ಡಿಸ್ಕಿಗೆ ಕ್ಲೋನ್ ಮಾಡೂದು ಈ ಮಾತಿಗೆ ಸರಿಯಾಗಿ ಹೊಂದ್ತದ ಅನ್ನೂದು ನನ್ನ ಅಭಿಪ್ರಾಯ. ಆದ್ರ ಅದ ಇಮೇಜಿನಿಂದ ಪಕ್ಕದ ಅಂಗಡಿ ಕಂಪ್ಯೂಟರಿಗೂ ಹಾಕಿದ್ರ ಮಾತು ಬ್ಯಾರೆ ಆಗ್ತದ.

ಕ್ರ್ಯಾಕ್ ಬಗ್ಗೆ ಹೇಳೂದಾದ್ರ, ಟೆಲಿಗ್ರಾಮಿನಿಂದ ಇಳಿಸಿದ್ದು ನೀವು ರೊಕ್ಕ ಕೊಟ್ಟ ಪ್ರತಿ ಅಲ್ಲ. 63ಬಿ ಪ್ರಕಾರ ಉಲ್ಲಂಘನೆಯ ಪ್ರತಿ ಅಂತ ಗೊತ್ತಿದ್ದೂ ಬಳಸಿದ್ರ ಕನಿಷ್ಠ 7 ದಿನದಿಂದ 3 ವರ್ಷದ ತನಕ ಸಜಾ, ಕನಿಷ್ಠ 50,000 ರೂಪಾಯಿಯಿಂದ 2 ಲಕ್ಷದ ತನಕ ದಂಡ. 2012ರ ತಿದ್ದುಪಡಿಯಿಂದ ಬಂದ 65ಎ ಡಿಜಿಟಲ್ ಬೀಗ ಮುರಿಯೂದರ ಬಗ್ಗೆನೂ ಅದ, ಅದರಾಗ ಹಕ್ಕು ಉಲ್ಲಂಘಿಸುವ ಉದ್ದೇಶ ಇರಬೇಕು ಅಂತ ಮಾತದ. ಅಂಗಡಿ ನಡೆಸುವವ್ರು ಆ ವಾದಕ್ಕ ಇಳಿಯೂ ಪ್ರಸಂಗನ ತಂದ್ಕೋಬಾರ್ದು.

ಕಂಪನಿ ಮ್ಯಾಲ ಗ್ರಾಹಕ ದೂರು ಕೊಡಬಹುದಾ ಅಂತ ಕೇಳಬಹುದು. ವ್ಯಾಪಾರಕ್ಕ ಕೊಂಡಿದ್ದು ಅಂತ ಅವ್ರು ತಕರಾರು ತಗೀತಾರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗ ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗಷ್ಟ ಬಳಸುವವ್ರು ಗ್ರಾಹಕರು ಅಂತ ವಿವರಣೆ ಅದ. ನಿಮ್ಮಂಥ ಅಂಗಡಿ ಅದರಾಗ ಬರ್ತದ. 1915ಕ್ಕ ಫೋನ್ ಮಾಡ್ರಿ, ಭಾಳ ಪ್ರಕರಣ ಅಲ್ಲೇ ಬಗೆಹರೀತಾವ. ಆಗಲಿಲ್ಲ ಅಂದ್ರ ಜಿಲ್ಲಾ ಆಯೋಗ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ರ ಶುಲ್ಕ ಇಲ್ಲ. ತಂಟೆ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗ ಕೊಡಬೇಕು. ಇದಕ್ಕೆಲ್ಲ ಬುನಾದಿ ಬಿಲ್. ಬಿಲ್ ಎಲ್ಲಿ ಅದ ಹುಡುಕ್ರಿ. ಕಂಪನಿ ಜೋಡಿ ಇನ್ನ ಮ್ಯಾಲ ಫೋನಿನ್ಯಾಗ ಮಾತು ಬ್ಯಾಡ, ಇ-ಮೇಲ್ ಮಾಡ್ರಿ.

ಅಕ್ಷರಮೋಹಿ

ಸಣ್ಣ ಪ್ರಕಾಶನ ನಡೆಸುವವನಾಗಿ ಒಂದು ಮಾತು ಹೇಳಲೇಬೇಕು. ಲೈಸೆನ್ಸ್ ವಾಪಸ್ ಬಂದ ಮೇಲೂ ಗದಗದವರ ಕಷ್ಟ ಮುಗಿಯುವುದಿಲ್ಲ. ನಾಳೆ ಮದರ್‌ಬೋರ್ಡ್ ಹೋದರೆ ಮತ್ತೆ ಇದೇ ಕಥೆ. ಬೀಗ ತೆರೆದಿರುವ ಹೊತ್ತಿನಲ್ಲೇ ಪಠ್ಯವನ್ನು ಹೊರಗೆ ತರಬೇಕು.

ನಮ್ಮ ಕನ್ನಡದ ಮೂರು ದಶಕದ ಪುಸ್ತಕಗಳು ಇಂಥ ಫೈಲುಗಳಲ್ಲಿ ಕೂತಿವೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ವ್ಯವಸ್ಥೆಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ 1991ರಿಂದಲೇ ಇದೆ. ಆದರೆ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳೇ ಗತಿಯಾದವು. ಒಂದೊಂದು ಕಂಪನಿಯದೂ ಒಂದೊಂದು ಜೋಡಣೆ. ಒಬ್ಬರ ಫಾಂಟಿನಲ್ಲಿ ದೀರ್ಘ ಕೂತ ಜಾಗದಲ್ಲಿ ಇನ್ನೊಬ್ಬರು ಅರ್ಕಾವೊತ್ತು ಕೂರಿಸಿದ್ದಾರೆ. ಫಾಂಟು ಹೋದರೆ ಕಾದಂಬರಿಯೊಂದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಲೇಖಕರು ತೀರಿಕೊಂಡಿದ್ದಾರೆ, ಮುದ್ರಿತ ಪ್ರತಿ ಮುಗಿದಿದೆ, ಫೈಲ್ ಮಾತ್ರ ಇದೆ ಅನ್ನುವ ಪುಸ್ತಕಗಳಿವೆ ಸ್ವಾಮಿ. ಅವುಗಳ ಬೀಗದ ಕೈ ಯಾವುದೋ ಕಂಪನಿ "ಆ ವರ್ಷನ್ ನಿಂತಿದೆ" ಅಂದ ಕೂಡಲೇ ಕಳೆದುಹೋಗಬಾರದು.

ಹಾಗಾಗಿ, ತೆರೆದ ಕೂಡಲೇ ಪ್ರತಿ ಫೈಲನ್ನೂ ಫಾಂಟ್ ಸೇರಿಸಿದ ಪಿಡಿಎಫ್ ಮಾಡಿ. ಕಣ್ಣಿಗೆ ಕಾಣುವ ಪುಟ ಅಷ್ಟಾದರೂ ಉಳಿಯುತ್ತದೆ. ಆಮೇಲೆ ಪಠ್ಯವನ್ನು ಟೆಕ್ಸ್ಟಿಗೆ ರಫ್ತು ಮಾಡಿ ಯೂನಿಕೋಡಿಗೆ ಪರಿವರ್ತಿಸಿ. ನುಡಿ, ಬರಹದ ಫಾಂಟುಗಳಿಗೆ ಉಚಿತ ಪರಿವರ್ತಕಗಳು ಸಿಗುತ್ತವೆ. ನಿಮ್ಮ ಪ್ಯಾಕೇಜಿಗೆ ಅದರೊಳಗೇ ಪರಿವರ್ತಕ ಇದೆಯೇ ನೋಡಿ, ಹಲವಕ್ಕೆ ಇರುತ್ತದೆ. ಪರಿವರ್ತನೆ ಆದ ಮೇಲೆ ಕರಡು ತಿದ್ದಲೇಬೇಕು. ಅರ್ಕಾವೊತ್ತು, ಎರಡೆರಡು ಒತ್ತು ಇರುವ ಪದಗಳು, ಅಂಕಿಗಳು ಕೈಕೊಡುತ್ತವೆ. ಹೊಸ ಕೆಲಸವನ್ನು ಯೂನಿಕೋಡಿನಲ್ಲೇ ಶುರುಮಾಡಿ. ಗುಬ್ಬಿ, ನವಿಲು, ಬಾಲೂ ತಮ್ಮ, ನೋಟೋ ಸೆರಿಫ್ ಕನ್ನಡ ಇವೆಲ್ಲ ಮುಕ್ತ ಫಾಂಟುಗಳು, ಯಾವ ಕಂಪ್ಯೂಟರಿಗೂ ಹಾಕಬಹುದು, ಕೋಡ್ ಕೇಳುವವರಿಲ್ಲ.

ಪೇಜ್‌ಮೇಕರ್ ಫೈಲುಗಳನ್ನು ನೇರ ತೆರೆಯುವ ಕೊನೆಯ ಇನ್‌ಡಿಸೈನ್ (ಅಡೋಬಿಯ ಪುಟವಿನ್ಯಾಸ ಸಾಫ್ಟ್‌ವೇರ್) ಸಿಎಸ್6. ಅದರ ಮಾರಾಟ 2017ರಲ್ಲೇ ನಿಂತಿದೆ. ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ನೋಡಬಹುದು, ಉಚಿತ, ಆದರೆ ಪುಟದ ಜೋಡಣೆ ಅಲ್ಲಲ್ಲಿ ಕದಲುತ್ತದೆ. ಪಠ್ಯ ತೆಗೆಯಲು ಅಡ್ಡಿಯಿಲ್ಲ.

ಹೊಸಪೇಟೆ_ಹುಡುಗ

ಮೇಷ್ಟ್ರೇ, ವಕೀಲ್ರೇ, ನೀವು ಹೇಳಿದ್ದು ಸರಿ. ಒಂದು ಕೇಳ್ತೀನಿ. ಆನ್‌ಲೈನಲ್ಲಿ ನಾನೂರು ಐನೂರು ರೂಪಾಯಿಗೆ ಆಫೀಸ್ ಕೀ ಮಾರ್ತಾರಲ್ಲ, ಅದು ಒರಿಜಿನಲ್ಲೇ ಅಲ್ವಾ?

ಲ್ಯಾಬ್_ಮೇಷ್ಟ್ರು

ಒಳ್ಳೇ ಪ್ರಶ್ನೆ. ಎಷ್ಟೋ ಸಲ ಅದು ಯಾವುದೋ ಸಂಸ್ಥೆಗೆ ಕೊಟ್ಟ ಸಾಮೂಹಿಕ ಕೀ. ಇವತ್ತು ಆಕ್ಟಿವೇಟ್ ಆಗುತ್ತೆ, ಮುಂದೆ ಮೈಕ್ರೋಸಾಫ್ಟ್ ಆ ಕೀ ರದ್ದು ಮಾಡಿದ್ರೆ ನಿಲ್ಲುತ್ತೆ. ಡಿಸ್ಕ್ ಬದಲಿಸಿದಾಗಲೇ ಇದು ಬಯಲಾಗೋದು, ಯಾಕಂದ್ರೆ ಅವತ್ತು ಮತ್ತೆ ಆಕ್ಟಿವೇಟ್ ಮಾಡಬೇಕಾಗುತ್ತೆ, ಮಾರಿದವನು ಸಿಗಲ್ಲ. ನಮ್ಮ ಲ್ಯಾಬಲ್ಲಿ ಲಿಬ್ರೆಆಫೀಸ್ ಹಾಕಿದ್ದೀವಿ, ಮಕ್ಕಳಿಗೆ ಏನೂ ಕೊರತೆ ಆಗಿಲ್ಲ.

ಕಂಪನಿಗಳ ಹಟಕ್ಕೆ ಗ್ರಾಹಕರು ಮಣೀಲೇಬೇಕು ಅಂತೇನಿಲ್ಲ ಅನ್ನೋದಕ್ಕೂ ಆಫೀಸಿನದೇ ಉದಾಹರಣೆ ಇದೆ. ಆಫೀಸ್ 2013 ಬಂದಾಗ, ಅಂಗಡಿಯಲ್ಲಿ ಕೊಂಡ ಪ್ರತಿ ಮೊದಲು ಹಾಕಿದ ಕಂಪ್ಯೂಟರಿಗೇ ಶಾಶ್ವತವಾಗಿ ಅಂಟುತ್ತೆ ಅಂತ ಷರತ್ತು ಇತ್ತು. ಬಳಕೆದಾರರು ಗಟ್ಟಿಯಾಗಿ ವಿರೋಧಿಸಿದರು. 2013ರ ಮಾರ್ಚಿನಲ್ಲೇ ಮೈಕ್ರೋಸಾಫ್ಟ್ ಷರತ್ತು ಬದಲಿಸಿ, ಬೇರೆ ಕಂಪ್ಯೂಟರಿಗೆ ವರ್ಗಾಯಿಸೋಕೆ ಅವಕಾಶ ಕೊಟ್ಟಿತು, 90 ದಿನಕ್ಕೆ ಒಂದು ಸಲದಂತೆ. ಕೇಳಿದವರಿಗೆ ಸಿಕ್ಕಿತು. ಕನ್ನಡದ ಸಾಫ್ಟ್‌ವೇರ್ ಕೊಂಡವರೂ ಒಟ್ಟಾಗಿ ಕೇಳಬೇಕು.

ಗದಗ_ಡಿಟಿಪಿ

ತೆರೀತ್ರಿ!

ಇಮೇಜ್ ತಗಿಯಾಕ ರಾತ್ರಿ ಎಲ್ಲಾ ಬಿಟ್ಟು ಕುಂತಿದ್ದೆ. ನಡುವ ಕರೆಂಟ್ ಹೋತು, ಮ್ಯಾಪ್ ಫೈಲ್ ಇದ್ದದ್ದಕ್ಕ ಮತ್ತ ಅಲ್ಲಿಂದನಾ ಸುರು ಆತು. ಮಗಳು ಪಾಲಿಟೆಕ್ನಿಕ್ಕಿನ್ಯಾಗ ಓದ್ತಾಳ, ಲಿನಕ್ಸ್ ಪೆನ್‌ಡ್ರೈವ್ ಅಕಿನಾ ಮಾಡಿಕೊಟ್ಲು. ಕೊನಿಗೆ ಓದಾಕ ಬರಲಾರದ್ದು ಒಂದೀಟು ಜಾಗ ಉಳೀತು, ಅದರಾಗ ಯಾವ ಕೆಲಸದ ಫೈಲೂ ಇದ್ದಂಗಿಲ್ಲ. ಬೆಟ್ಟದ ತಪ್ಪಲು ಸರ್ ಹೇಳಿದಂಗ ಬ್ಯಾರೆ ಡಿಸ್ಕಿಗೆ ಇಳಿಸಿ, ಕುಗ್ಗಿಸಿ, ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದ್ವಿ. ಮೊದಲ ಸಲ ಬೂಟ್ ಆಗುವಾಗ ನೀಲಿ ಪರದೆ ಬಂತು. ಹಳೇ ಡಿಸ್ಕ್ ಇದ್ದ ಸಾಟಾ ಪೋರ್ಟಿಗೇ ಎಸ್‌ಎಸ್‌ಡಿ ಹಚ್ಚಿ, ಬಯೋಸಿನ್ಯಾಗ ಸಾಟಾ ಮೋಡ್ ಮೊದಲಿನಂಗ ಇಟ್ಟ ಮ್ಯಾಲ ಬಂತು. ವಾಲ್ಯೂಮ್ ನಂಬರ್ ನೋಡಿದ್ರ ರಿಪೇರಿ ಅಂಗಡಿಯವ್ರು ಹಾಕಿದ್ದಲ್ಲ, ಬ್ಯಾರೆನಾ ಬಂತು. ಹಳೇದರದ್ದಾ ಅದು. ಪ್ಯಾಕೇಜ್ ಒತ್ತಿದ್ರ ಕೋಡ್ ಕೇಳಲಾರದನ ತೆರೀತು. ಮಠದ ಸಂಚಿಕೆ ತಗದು ನೋಡಿದೆ, ಒಂದು ಒತ್ತಕ್ಷರ ಸೈತ ಕದಲಿಲ್ಲ.

ಬಿಲ್ಲೂ ಸಿಕ್ಕೈತಿ, ನಮ್ಮ ಆಡಿಟರ್ ಕಡೆ ಆ ವರ್ಷದ ಫೈಲಿನ್ಯಾಗ ಇತ್ತು. ಬಿಲ್, ಸಿಡಿ ಡಬ್ಬಿ ಮ್ಯಾಲಿನ ಸ್ಟಿಕ್ಕರ್ ಎರಡರದ್ದೂ ಫೋಟೋ ಹಚ್ಚಿ ಕಂಪನಿಗೆ ಇ-ಮೇಲ್ ಮಾಡೀನಿ. "ಮಷೀನ್ ಅದಾ ಐತಿ, ಡಿಸ್ಕ್ ಕೆಟ್ಟೈತಿ, ಮುಂದ ಮತ್ತ ಕೆಟ್ರ ಅನ್‌ಲಾಕ್ ಕೋಡ್ ಕೊಡ್ತೀರೋ ಇಲ್ಲೋ ಬರದು ತಿಳಿಸ್ರಿ" ಅಂತ ಕೇಳೀನಿ. ವಕೀಲ್ ಸಾಹೇಬ್ರು ಹೇಳಿದ ಕಾಯ್ದೆ ನಂಬರೂ ಹಾಕೀನಿ. ಈ ಸಲ ಟೆಕ್ನಿಕಲ್ ವಿಭಾಗಕ್ಕ ಕಳಿಸೀವಿ ಅಂತ ಉತ್ತರ ಬಂದೈತಿ. ನೋಡೂಣು.

ಖಾತೆಕಿರ್ದಿ_ಉಡುಪಿ

ಓದಿ ಭಾರೀ ಖುಷಿ ಆಯ್ತು ಮಾರಾಯ್ರೆ. ಮಗಳಿಗೆ ನಮ್ಮ ಕಡೆಯಿಂದ ಶಹಭಾಸ್ ಹೇಳಿ. ಇನ್ನು ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇಡಿ. ಸಾಫ್ಟ್‌ವೇರ್ ಹೆಸರು, ಸೀರಿಯಲ್ ನಂಬರ್, ಯಾವ ಇ-ಮೇಲ್ ಕೊಟ್ಟದ್ದು, ಬಿಲ್ ನಂಬರ್, ತಾರೀಕು, ಸೈಟ್ ಕೋಡ್, ಅನ್‌ಲಾಕ್ ಕೋಡ್, ಎಲ್ಲ ಕೈಯಲ್ಲಿ ಬರೆದಿಡಿ. ಕಂಪ್ಯೂಟರಿನಲ್ಲೇ ಬರೆದಿಟ್ರೆ ಡಿಸ್ಕಿನ ಜೊತೆ ಅದೂ ಹೋಗ್ತದೆ.

ಗದಗ_ಡಿಟಿಪಿ

ಬರದಿಟ್ಟೀನ್ರಿ. ಪಿಡಿಎಫ್ ಮಾಡೂದೂ ಸುರು ಮಾಡೇವಿ, ಮೊದಲ ಆ ಇಬ್ಬರು ಲೇಖಕರ ಪುಸ್ತಕ. ಒಬ್ಬರು ಈಗಿಲ್ಲ, ಅವರ ಮನಿಯವ್ರಿಗೆ ಯೂನಿಕೋಡ್ ಪ್ರತಿ ಕೊಡಬೇಕಂತ ಐತಿ. ಅಕ್ಷರಮೋಹಿಯವ್ರ, ಪರಿವರ್ತನೆ ಆದಮ್ಯಾಲ "ರ್" ಬರೂ ಶಬ್ದ ಎಲ್ಲಾ ತಿರುವು ಮುರುವು ಆಗ್ಯಾವ, ನೀವಂದಂಗನಾ. ಹುಡುಕಿ ಬದಲಿಸೂದಕ್ಕ ಏನರ ಉಪಾಯ ಐತ್ಯಾ? ಮತ್ತ ಈ ಟಕ್ ಟಕ್ ಡಿಸ್ಕ್ ಏನ್ ಮಾಡ್ಲಿ, ಒಗೀಲ್ಯಾ?

ಅಕ್ಷರಮೋಹಿ

ಒಂದು ಪುಟದ ಮೂಲ ಟೆಕ್ಸ್ಟ್ ಮತ್ತು ಅದೇ ಪುಟದ ಪಿಡಿಎಫ್ ನನಗೆ ಕಳಿಸಿ. ಅರ್ಕಾವೊತ್ತಿನ ಚಿಹ್ನೆ ಅಕ್ಷರದ ನಂತರ ಬರುವುದರಿಂದ ಹಾಗಾಗುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ಅದು ಮೊದಲು ಬರಬೇಕು. ನಿಮ್ಮ ಫಾಂಟಿನಲ್ಲಿ ಅದು ಯಾವ ಚಿಹ್ನೆ ಎಂದು ಗೊತ್ತಾದರೆ ಒಟ್ಟಿಗೆ ಸರಿಪಡಿಸುವ ಸೂತ್ರ ಬರೆದುಕೊಡುತ್ತೇನೆ, ಒಂದೊಂದೇ ಹುಡುಕುವುದು ಬೇಡ.

ಬೆಟ್ಟದ_ತಪ್ಪಲು

ಡಿಸ್ಕ್ ಒಗೀಬೇಡಿ ಸರ್. ಆಂಟಿಸ್ಟ್ಯಾಟಿಕ್ ಕವರಲ್ಲಿ ಹಾಕಿ, ಮೇಲೆ ತಾರೀಕು ಬರೆದು ಒಣ ಜಾಗದಲ್ಲಿಡಿ. 2 ಟಿಬಿ ಡಿಸ್ಕಿನ ಇಮೇಜನ್ನೂ ಅಳಿಸಬೇಡಿ, ಆ ಡಿಸ್ಕನ್ನ ಅಂಗಡೀಲಿಡದೆ ಮನೇಲಿಡಿ. ಕಂಪನಿಯಿಂದ ಲಿಖಿತ ಉತ್ತರ ಬಂದು, ಫೈಲುಗಳೆಲ್ಲ ಪಿಡಿಎಫ್ ಮತ್ತೆ ಯೂನಿಕೋಡಿಗೆ ಬಂದ ಮೇಲೆ ಹಳೇ ಡಿಸ್ಕ್ ವಿಲೇವಾರಿ ಮಾಡಿ. ಆಗಲೂ ಗುಜರಿಗೆ ಹಾಗೇ ಕೊಡಬೇಡಿ, ಅದರಲ್ಲಿ ಗಿರಾಕಿಗಳ ಆಧಾರ್ ಝೆರಾಕ್ಸ್ ಸ್ಕ್ಯಾನುಗಳೂ ಇರ್ತವೆ. ಪ್ಲ್ಯಾಟರಿಗೆ ಡ್ರಿಲ್ ಹೊಡೆಸಿ, ಆಮೇಲೆ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.